ನೆನಪಿನ ಮಾತ್ರೆ: ಡಬ್ಬಿಯ ಹಿಂಬದಿ ಓದಿದ್ದೀರಾ?

ಧಾರವಾಡದ ಸಪ್ತಾಪುರವಿರಲಿ, ಬೆಂಗಳೂರಿನ ವಿಜಯನಗರವಿರಲಿ, ಕೋಚಿಂಗ್ ಸೆಂಟರುಗಳ ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಚಹಾ ಲೋಟದ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯೂ ಬಂದು ಕೂರುತ್ತದೆ. ಮುಂಬದಿಯಲ್ಲಿ ಮಿಂಚುವ ಮಿದುಳಿನ ಚಿತ್ರ, 'ಏಕಾಗ್ರತೆ, ನೆನಪು, ಚುರುಕು' ಎಂಬ ದಪ್ಪಕ್ಷರ. ತಿರುಗಿಸಿದರೆ ಸಾಸಿವೆಯಷ್ಟು ಅಕ್ಷರದಲ್ಲಿ ಇನ್ನೊಂದು ಮಾತು: 'ಔಷಧೀಯ ಬಳಕೆಗಲ್ಲ'.

ಈ ಹಿಂಬದಿಯ ಸಾಲನ್ನು ಕಂಪನಿ ವಿನಯದಿಂದ ಬರೆದದ್ದಲ್ಲ, ಕಾನೂನು ಬರೆಸಿದ್ದು. ಸಪ್ಲಿಮೆಂಟ್ ಎಂದು ಮಾರುವ ಮಾತ್ರೆ, ಪುಡಿ, ಕ್ಯಾಪ್ಸೂಲ್ ಎಲ್ಲವೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಲೆಕ್ಕದಲ್ಲಿ ಆಹಾರವೇ. ಅದಕ್ಕಾಗಿ 2016ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. 'ಹೆಲ್ತ್ ಸಪ್ಲಿಮೆಂಟ್' ಎಂಬ ಪದ, ದಿನಕ್ಕೆ ಇಷ್ಟನ್ನು ಮೀರಬಾರದೆಂಬ ಎಚ್ಚರಿಕೆ, ವೈವಿಧ್ಯದ ಊಟಕ್ಕೆ ಇದು ಬದಲಿಯಲ್ಲ ಎಂಬ ಸಾಲು ಲೇಬಲ್ ಮೇಲೆ ಇರಲೇಬೇಕು. ಜೊತೆಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ. 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ನಿಜವೋ ಬೊಗಳೆಯೋ ತಿಳಿಯುತ್ತದೆ.

ತಮಾಷೆಯೆಂದರೆ, ಅದೇ ಬ್ರಾಹ್ಮಿ ಒಂದು ಡಬ್ಬಿಯಲ್ಲಿ ಆಹಾರ, ಪಕ್ಕದ ಡಬ್ಬಿಯಲ್ಲಿ ಆಯುರ್ವೇದ ಔಷಧ. ಎರಡನೆಯದಕ್ಕೆ ಅನ್ವಯಿಸುವುದು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ. ಅದರ ಮೇಲೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ. ಬ್ರಾಹ್ಮಿ ಎಂಬ ಹೆಸರೇ ಎರಡು ಗಿಡಗಳದು: ನಮ್ಮ ಮನೆಗಳಲ್ಲಿ ತಂಬುಳಿಯಾಗುವ ಒಂದೆಲಗ ಬೇರೆ, ನೀರುಬ್ರಾಹ್ಮಿ ಬೇರೆ. ಆದ್ದರಿಂದ ಸಸ್ಯಶಾಸ್ತ್ರೀಯ ಹೆಸರನ್ನು ನೋಡಿಯೇ ಕೊಳ್ಳಬೇಕು. (ಅಜ್ಜಿಯ ತಂಬುಳಿಗೆ ಸದ್ಯ ಯಾವ ಪರವಾನಗಿಯೂ ಬೇಡ.) ಡಬ್ಬಿಯ ಮೇಲೆ ಯಾವ ಸಂಖ್ಯೆ ಇದೆಯೋ ಅದರ ಮೇಲೆ ದೂರು ಯಾರ ಬಾಗಿಲಿಗೆ ಹೋಗಬೇಕೆಂಬುದು ತೀರ್ಮಾನವಾಗುತ್ತದೆ.

ಇನ್ನು ಮುಂಬದಿಯ ದಪ್ಪಕ್ಷರದ ಮಾತು. ಔಷಧ ನಿಯಮಗಳಲ್ಲಿ 'ಷೆಡ್ಯೂಲ್ ಜೆ' ಎಂಬ ಪಟ್ಟಿಯಿದೆ. ಯಾವ ಔಷಧವೂ ಗುಣಪಡಿಸುತ್ತೇನೆಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿ ಅದು. ಬೋಳುತಲೆ, ಮಕ್ಕಳ ಎತ್ತರ ಇವುಗಳ ಸಾಲಿನಲ್ಲೇ ಮಿದುಳಿನ ಸಾಮರ್ಥ್ಯ ಹೆಚ್ಚಿಸುವುದು, ನೆನಪಿನ ಶಕ್ತಿ ಸುಧಾರಿಸುವುದು ಕೂಡ ಇದೆ. ಅಂದರೆ ವರ್ಷಗಟ್ಟಲೆ ಪರೀಕ್ಷೆಗೊಳಪಟ್ಟು ಬರುವ ಔಷಧವೇ ಆಡಬಾರದ ಮಾತನ್ನು ಪಕ್ಕದ ಶೆಲ್ಫಿನ 'ಆಹಾರ' ಧೈರ್ಯವಾಗಿ ಆಡುತ್ತಿದೆ. ಆಹಾರಕ್ಕಾದರೂ ಬಾಯಿಗೆ ಬಂದದ್ದು ಹೇಳಲು ಅನುಮತಿಯಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಕಾಯ್ದೆಯ 53ನೇ ಸೆಕ್ಷನ್ನಿನಲ್ಲಿ 10 ಲಕ್ಷ ರೂ.ವರೆಗೆ ದಂಡವಿದೆ. ಗ್ರಾಹಕ ಇಲಾಖೆಯ 2022ರ ಜೂನ್ ಮಾರ್ಗಸೂಚಿ ಇನ್ನೂ ನೇರವಾಗಿದೆ: ಈ ಉತ್ಪನ್ನ ಸೇವಿಸಿದರೆ ಬುದ್ಧಿ ಹೆಚ್ಚುತ್ತದೆಂದು ತಕ್ಕ ವೈಜ್ಞಾನಿಕ ಆಧಾರವಿಲ್ಲದೆ ಮಕ್ಕಳಿಗೆ ಹೇಳುವಂತಿಲ್ಲ. ಮೀರಿದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲ 10 ಲಕ್ಷ, ಮತ್ತೆ ತಪ್ಪಿದರೆ 50 ಲಕ್ಷ ರೂ.ವರೆಗೆ ದಂಡ ಹಾಕಬಹುದು. ಶಿಫಾರಸು ಮಾಡಿದ ತಾರೆಗೂ ಒಂದು ವರ್ಷ ಜಾಹೀರಾತಿನಿಂದ ನಿಷೇಧ ಬೀಳಬಹುದು.

ಇಂಥ ಹೇಳಿಕೆ ಹೆಸರಿನಲ್ಲೇ ಅಡಗಿರುವುದೂ ಉಂಟು. 2024ರ ಏಪ್ರಿಲ್‌ನಲ್ಲಿ ಬೋರ್ನ್‌ವೀಟಾದಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ವಿಭಾಗದಿಂದ ತೆಗೆಯಿರೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಕಾರಣ ಸರಳ: ಹೆಲ್ತ್ ಡ್ರಿಂಕ್ ಎಂಬ ವರ್ಗವೇ ಆಹಾರ ಕಾಯ್ದೆಯಲ್ಲಿಲ್ಲ.

ಇಷ್ಟರವರೆಗಿನದು ಹೆಚ್ಚಾಗಿ ಜೇಬಿಗೆ ಕತ್ತರಿ. ನಿಜವಾದ ಅಪಾಯ ಹಾಸ್ಟೆಲ್‌ಗಳಲ್ಲಿ ಕೈಯಿಂದ ಕೈಗೆ ದಾಟುವ, ಲೇಬಲ್ಲೇ ಇಲ್ಲದ ಬಿಡಿ ಮಾತ್ರೆಯದು. ಇವುಗಳಲ್ಲಿ ಮೊಡಾಫಿನಿಲ್ ಎಂಬುದು ಹಗಲಿನಲ್ಲಿ ತಡೆಯಲಾರದ ನಿದ್ದೆ ಬರುವ ಕಾಯಿಲೆಯವರಿಗೆ ವೈದ್ಯರು ಬರೆದುಕೊಡುವ ಔಷಧ. ತಲೆನೋವು, ನಿದ್ದೆಗೇಡು ಸಾಮಾನ್ಯ. ಅಪರೂಪಕ್ಕೆ ಮೈಮೇಲೆ ಗಂಭೀರ ಗುಳ್ಳೆಗಳೇಳುತ್ತವೆ. ಏಕಾಗ್ರತೆಯ ಕೊರತೆ ಕಾಡುವ ಎಡಿಎಚ್‌ಡಿ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್ ಹೃದಯ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ, ಚಟವಾಗಬಲ್ಲದು. ಅದು 1985ರ ಮಾದಕವಸ್ತು ಕಾಯ್ದೆಯ, ಅಂದರೆ ಎನ್‌ಡಿಪಿಎಸ್‌ನ, ಪಟ್ಟಿಯಲ್ಲಿದೆ. ವೈದ್ಯರ ಚೀಟಿಯಿದ್ದವರು ಸ್ವಂತ ಚಿಕಿತ್ಸೆಗೆ ಒಮ್ಮೆಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ಚೀಟಿಯಿಲ್ಲದೆ ಇಟ್ಟುಕೊಂಡರೆ, ರೂಮ್‌ಮೇಟ್‌ಗೆ ನಾಲ್ಕು ಮಾರಿದರೆ ಅಪರಾಧ. ಪ್ರಮಾಣ ಸಣ್ಣದಾದರೂ ಒಂದು ವರ್ಷದವರೆಗೆ ಕಠಿಣ ಸೆರೆ, 10,000 ರೂ.ವರೆಗೆ ದಂಡ ಅಥವಾ ಎರಡೂ. 'ಓದೋಕೆ ಅಂತ ತಗೊಂಡೆ ಸಾರ್' ಎಂಬ ಉತ್ತರ ಪೊಲೀಸ್ ಠಾಣೆಯಲ್ಲಿ ನಡೆಯದು.

ಎನರ್ಜಿ ಡ್ರಿಂಕ್‌ಗೂ ಗೆರೆಯಿದೆ: ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು, ಮಕ್ಕಳಿಗೆ ಸೂಕ್ತವಲ್ಲವೆಂದು ಡಬ್ಬದ ಮೇಲೆ ಬರೆದಿರಬೇಕು.

ತೊಂದರೆಯಾದರೆ ಮೊದಲು ವೈದ್ಯರು. ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಬೇಕು. ಔಷಧದ ಅಡ್ಡಪರಿಣಾಮವನ್ನು ರೋಗಿಯೇ 1800-180-3024ಕ್ಕೆ ತಿಳಿಸಬಹುದು. ಸಪ್ಲಿಮೆಂಟ್ ಆಗಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ, ಔಷಧವಾದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು. ಸುಳ್ಳು ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗೂ ಬರೆಯಬಹುದು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಅಸುರಕ್ಷಿತ ಆಹಾರದಿಂದ ಆರೋಗ್ಯ ಕೆಟ್ಟರೆ ಆಹಾರ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ 1 ಲಕ್ಷ ರೂ.ವರೆಗೆ, ತೀವ್ರ ಹಾನಿಯಾದರೆ 3 ಲಕ್ಷದವರೆಗೆ ಪರಿಹಾರಕ್ಕೆ ಅವಕಾಶವಿದೆ. ಹಣ ವಾಪಸು ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕನ್ನಡದಲ್ಲೂ ಕೇಳಿಸಿಕೊಳ್ಳುತ್ತದೆ. ಅಲ್ಲಿಗೂ ಬಗ್ಗದ ಕಂಪನಿಯನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎಳೆಯಬಹುದು. ಕಂಪನಿ ದೆಹಲಿಯದಾದರೂ ದೂರುದಾರ ತಾನಿರುವ ಜಿಲ್ಲೆಯಲ್ಲೇ ದಾಖಲಿಸಬಹುದು, ವಕೀಲರು ಕಡ್ಡಾಯವಲ್ಲ, ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕವೂ ಇಲ್ಲ. ಬೇಕಾದದ್ದು ಬಿಲ್ಲು, ಬ್ಯಾಚ್ ಸಂಖ್ಯೆ, ಜಾಹೀರಾತಿನ ಸ್ಕ್ರೀನ್‌ಶಾಟ್. ಜಾಹೀರಾತು ರಾತ್ರೋರಾತ್ರಿ ಮಾಯವಾಗಬಹುದು. ಸ್ಕ್ರೀನ್‌ಶಾಟ್ ಅಂದೇ ತೆಗೆದಿರಬೇಕು.

ಡಬ್ಬಿಯೊಳಗೆ ಏನಿದೆ ಎಂದು ತಾನೇ ಪರೀಕ್ಷೆ ಮಾಡಿಸುವ ಹಕ್ಕೂ ಗ್ರಾಹಕರಿಗಿದೆ. ಆಹಾರ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ದೋಷ ಕಂಡುಬಂದರೆ ಕಟ್ಟಿದ ಶುಲ್ಕ ವಾಪಸು. ಆದರೆ ಒಂದು ವಿಚಿತ್ರ ಷರತ್ತಿದೆ: ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಅನುಮಾನ ಬರುವುದು ಅರ್ಧ ಡಬ್ಬಿ ಖಾಲಿಯಾದ ಮೇಲೆ ತಾನೆ? ಹಾಗಾಗಿ ಅದೇ ಅಂಗಡಿಗೆ ಮತ್ತೆ ಹೋಗಿ, ಅದೇ ಬ್ಯಾಚಿನ ಇನ್ನೊಂದು ಡಬ್ಬಿ ಕೊಂಡು, ಬಿಲ್ಲು ಬರೆಯುತ್ತಿರುವಾಗಲೇ ಆ ಮಾತು ಹೇಳಿ, ಸೀಲ್ ಒಡೆಯದೆ ಮನೆಗೆ ತರಬೇಕಾಗುತ್ತದೆ.