ಸ್ವಲ್ಪ ತಾಳಿ, ನಡೀತಿದ್ದಾನೆ

ಮಗಾ, ಮೊನ್ನೆ ನಿಮ್ಮ ಮನೆಯಲ್ಲಿ ಕಂಡದ್ದನ್ನು ಅಲ್ಲೇ ಹೇಳಬಹುದಿತ್ತು, ನಾಲ್ಕು ಜನ ಇದ್ದರೆಂದು ಸುಮ್ಮನಿದ್ದೆ. ನೀನು ಹೊಸ ಕಾಲು ಹಾಕಿಕೊಂಡು ಹಜಾರ ದಾಟುತ್ತಿದ್ದೆ. ಅತ್ತಿಗೆ ಅಡುಗೆಮನೆಯಿಂದಲೇ "ಕಾಫಿ ಈಗ್ಲೇ ಬೇಕೇನೋ?" ಅಂದರು. ನೀನು ಗಕ್ಕನೆ ನಿಂತೆ. "ಹೂಂ" ಅಂದು, ಆಮೇಲೆ ಮುಂದಿನ ಹೆಜ್ಜೆ ಇಟ್ಟೆ. "ಆಕ್ಸಿಡೆಂಟ್ ಆದಮೇಲೆ ಇವನ ತಲೆ ಸ್ವಲ್ಪ ಮಂಕಾಗಿದೆ ಕಣಪ್ಪ" ಎಂದು ಅತ್ತಿಗೆ ನನ್ನ ಹತ್ತಿರ ಪಿಸುಗುಟ್ಟಿದರು. ನಿನಗೂ ಆ ಅನುಮಾನ ಹೊಕ್ಕಿದೆ ಅನ್ನುವುದು ನಿನ್ನ ಮುಖದಲ್ಲೇ ಕಾಣುತ್ತಿತ್ತು.

ಮಂಕೂ ಇಲ್ಲ, ಮಣ್ಣೂ ಇಲ್ಲ. ಕಾಲು ಮಾಡುತ್ತಿದ್ದ ಕೆಲಸ ತಲೆಯ ಮೇಲೆ ಬಿದ್ದಿದೆ.

ನನ್ನನ್ನೇ ನೋಡು. 31 ವರ್ಷ ಹಾಸನ–ಬೆಂಗಳೂರು ರೂಟಿನಲ್ಲಿ ಕಂಡಕ್ಟರಾಗಿದ್ದವನು. ಓಲಾಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ಚಿಲ್ಲರೆ ಎಣಿಸುತ್ತ, ಸೀಟಿನ ಜಗಳ ಬಿಡಿಸುತ್ತ ಓಡಾಡಿದವನು. ಶುಗರ್‌ನಿಂದ ಬಲಗಾಲು ಮಂಡಿ ಕೆಳಗೆ ಹೋಯಿತು, ಜೈಪುರ ಕಾಲು ಬಂತು. ಆಮೇಲೆ ತುಳಸಿಕಟ್ಟೆಗೆ ಹೋಗುವಾಗ ಯಾರಾದರೂ ಟೈಮು ಕೇಳಿದರೂ ನಿಂತುಬಿಡುತ್ತಿದ್ದೆ. ಯಾಕೆ ಅಂತೀಯಾ? ಕೆಳಗೆ ಕಲ್ಲಿದೆಯೋ ಕೆಸರಿದೆಯೋ ಎಂಬ ಸುದ್ದಿಯನ್ನು ಅಂಗಾಲು ನಮಗೇ ಗೊತ್ತಾಗದಂತೆ ಕಳಿಸುತ್ತಿತ್ತು. ರಬ್ಬರ್ ಪಾದ ತುಟಿ ಬಿಚ್ಚುವುದಿಲ್ಲ. ಸಾಕೆಟ್ಟಿನೊಳಗೆ ಮೋಟುಗಾಲಿಗೆ ತಗಲುವ ಒತ್ತಡ ಬಿಟ್ಟರೆ ಮಿಕ್ಕದ್ದನ್ನೆಲ್ಲ ಕಣ್ಣು ನೋಡಬೇಕು, ತಲೆ ಲೆಕ್ಕ ಹಾಕಬೇಕು. ನಿನ್ನದು ಮಂಡಿ ಮೇಲೆ ಹೋಗಿರುವುದು, ಮಂಡಿ ಮಡಚೀತೋ ಎಂಬ ಲೆಕ್ಕ ಬೇರೆ. ಆ ಲೆಕ್ಕವನ್ನು ತಾನೇ ನೋಡಿಕೊಳ್ಳುವ ಕಂಪ್ಯೂಟರ್ ಮಂಡಿಗಳೂ ಇವೆ, ಆದರೆ ಬೆಲೆ ಲಕ್ಷಗಳಲ್ಲಿ.

ಹಾಗಂತ ಜೈಪುರ ಕಾಲನ್ನು ದೂರಬೇಡ. 1968ರ ಸುಮಾರಿಗೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ, ಡಾ. ಪಿ.ಕೆ. ಸೇಥಿ ಜೊತೆ ಸೇರಿ ಅದನ್ನು ಮಾಡಿದ್ದೇ ನಮ್ಮಂಥವರು ಬರಿಗಾಲಲ್ಲಿ ನಡೆಯಲಿ, ಚಕ್ಕಳಮಕ್ಕಳ ಹಾಕಿ ಕೂರಲಿ ಅಂತ.

ನೀನು ನಿಂತ ವಿಷಯಕ್ಕೆ ಬರೋಣ. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಒಂದು ಸಂಗತಿ ಬರೆದರು: ಮಾತಾಡಿಸಿದರೆ ನಡಿಗೆ ನಿಲ್ಲಿಸುವ ವಯಸ್ಸಾದವರು ಮುಂದಿನ ತಿಂಗಳುಗಳಲ್ಲಿ ಬೀಳುವುದು ಹೆಚ್ಚು. ನಿಂತದ್ದರಿಂದ ಬೀಳುವುದಲ್ಲ, ನಡಿಗೆಗೇ ಪೂರ್ತಿ ಗಮನ ಬೇಕಾದವರು ಅವರು. ಅವರೆಲ್ಲ ಕಾಲಿದ್ದವರೇ. ನಮ್ಮ ಪಾಡು ಕೇಳುವುದೇ ಬೇಡ. ಕಾಲು ಕಳೆದುಕೊಂಡ 435 ಜನರನ್ನು ಕೆನಡಾದಲ್ಲಿ ವಿಚಾರಿಸಿದಾಗ ಅರ್ಧಕ್ಕಿಂತ ಹೆಚ್ಚು ಜನ ಹಿಂದಿನ ಒಂದು ವರ್ಷದಲ್ಲಿ ಬಿದ್ದಿದ್ದರಂತೆ. ಹಾಗಾಗಿ ನೀನು ನಿಂತು ಉತ್ತರ ಕೊಟ್ಟದ್ದು ಜಾಣತನವೇ. ಅತ್ತಿಗೆಗೂ ಹೇಳು, ನಡೆಯುವಾಗ ಹಿಂದಿನಿಂದ ಕೂಗದೆ ಎದುರಿಗೆ ಬಂದು ಕೇಳಲಿ. ಫೋನು ರಿಂಗಾದರೆ ಆಗಲಿ.

ಮೆಟ್ಟಿಲ ವಿಷಯ ನಿನಗೆ ಹೇಳಿಕೊಟ್ಟಿರುತ್ತಾರೆ: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಹಾಕಿಸಿದ ಕಾಲು ಮೊದಲು. ಹಾಗಾಗಿ ನಾನು ಮೆಟ್ಟಿಲು ಹತ್ತಿ ಯಾರ ಮನೆಗೆ ಹೋದರೂ ಎಡಗಾಲಿಟ್ಟೇ ಒಳಗೆ ಹೋಗುವುದು. ಬೀಗರ ಮನೆ ಗೃಹಪ್ರವೇಶದಲ್ಲಿ ಒಬ್ಬ ಅಜ್ಜಿ ಮುಖ ಸಿಂಡರಿಸಿದರು. ಬಲಗಾಲಿಡಲು ಹೋಗಿ ಬಿದ್ದಿದ್ದರೆ ಶಾಸ್ತ್ರ ಇನ್ನೂ ಚೆನ್ನಾಗಿರುತ್ತಿತ್ತು!

ನನ್ನಂಥ ಶುಗರ್‌ನವರದು ಇನ್ನೊಂದು ಕಷ್ಟ. ಕಾಲಿನ ರಕ್ತನಾಳ ಕೆಡಿಸಿದ ಸಕ್ಕರೆ ಮಿದುಳಿನ ನಾಳಗಳನ್ನೂ ಬಿಡುವುದಿಲ್ಲ, ಮರೆವು ಬರಬಹುದು. ಸಂಜೆಗೆ ಮೋಟುಗಾಲು ಸೊರಗಿ ಸಾಕೆಟ್ ಸಡಿಲವಾದರೆ ಸಾಕ್ಸ್ ಒಂದು ಹೆಚ್ಚಿಗೆ ಹಾಕಬೇಕು. ನಾನು ಎಷ್ಟು ಹಾಕಿದ್ದೇನೆಂದೇ ಮರೆತು ಒಮ್ಮೆ ಹುಣ್ಣು ಮಾಡಿಕೊಂಡೆ. ಈಗ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ. ನಿನಗಿನ್ನೂ ವಯಸ್ಸಿದೆ. ಆದರೂ ಫಿಸಿಯೋ ಹೇಳಿದ್ದು ತಲೆಗೆ ಹೋಗದಿದ್ದರೆ ಸಂಕೋಚ ಬಿಟ್ಟು ಇನ್ನೊಂದು ಸಲ ತೋರಿಸಿ ಅನ್ನು.

ಹಾಗಂತ ಜೀವನವೆಲ್ಲ ಮೌನವ್ರತ ಮಾಡಬೇಕಿಲ್ಲ. ನಡಿಗೆ ಗಟ್ಟಿಯಾದ ಮೇಲೆ ಬೇಕೆಂದೇ ಎರಡು ಕೆಲಸ ಸೇರಿಸು. ನಾನು ಜಗಲಿಯಲ್ಲಿ ಕಂಬಿ ಹಿಡಿದು ನಡೆಯುತ್ತ ನನ್ನ ಸ್ಟಾಪುಗಳನ್ನು ಹಿಂದಿನಿಂದ ಹೇಳಿಕೊಳ್ಳುತ್ತಿದ್ದೆ: ನೆಲಮಂಗಲ, ಕುಣಿಗಲ್, ಯಡಿಯೂರು... ಅಲ್ಲಿಗೆ ಬಂದರೆ ನಾಲಿಗೆಯೂ ನಿಲ್ಲುತ್ತಿತ್ತು, ಕಾಲೂ ನಿಲ್ಲುತ್ತಿತ್ತು. ಬೆಳ್ಳೂರು ಕ್ರಾಸ್ ದಾಟಲು ಎರಡು ತಿಂಗಳು ಹಿಡಿಯಿತು.

ಭಾನುವಾರ ಬರುತ್ತೇನೆ. ಬಾಗಿಲಿಂದ ಗೇಟಿನ ತನಕ ಇಬ್ಬರಿಗೂ ಮಾತು ಬೇಡ. ಗೇಟಿನ ಹತ್ತಿರ ನಿಂತುಕೊಂಡು, ಆ ಆಕ್ಸಿಡೆಂಟಿನ ದಿನ ಹೆಲ್ಮೆಟ್ ಯಾಕೆ ಹಾಕಿರಲಿಲ್ಲ ಅಂತ ಕೇಳುವುದಿದೆ.