ಬೆರಗೂ ಒಂದು ಅತಿಚಾರ: ಕಲಾಸಂಗ್ರಹಾಲಯದಲ್ಲಿ ಪರಿಗ್ರಹಪರಿಮಾಣ ವ್ರತ



ನಮ್ಮ ಊರಿನ ಕಡೆಯ ಶ್ರಾವಿಕೆಯೊಬ್ಬರು ಈಚೆಗೆ ನನ್ನಲ್ಲಿ ಒಂದು ಸಂದೇಹವನ್ನು ಮುಂದಿಟ್ಟರು. ಅಷ್ಟಮಿಯ ದಿನ ಆಕೆ ಪ್ರೋಷಧೋಪವಾಸದಲ್ಲಿದ್ದರು. ಮಕ್ಕಳಿಗೆ ಅಂದೇ ರಜೆ; ಎಲ್ಲರೂ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಿ ಬಂದರು. "ಮೇಷ್ಟ್ರೇ, ಬಾಯಿಗೆ ಒಂದು ಹನಿಯನ್ನೂ ಹಾಕಲಿಲ್ಲ, ಆದರೆ ಕಣ್ಣು ಮಾತ್ರ ದಿನವೆಲ್ಲ ಉಂಡಿತು. ನನ್ನ ಉಪವಾಸಕ್ಕೆ ಭಂಗವಾಯಿತೇ? ಇನ್ನೊಂದು ಮಾತು. ಸಂಗ್ರಹಾಲಯಗಳಲ್ಲಿ ಗಾಜಿನ ಹಿಂದೆ ಜಿನಬಿಂಬವಿದ್ದರೆ ಕೈಮುಗಿಯಬಹುದೇ?" ಎಂದು ಕೇಳಿದರು. ಪ್ರಶ್ನೆ ಚಿಕ್ಕದಾಗಿ ಕಂಡರೂ ನಮ್ಮ ಮನೆಮನೆಗೂ ಸಂಬಂಧಿಸಿದ್ದು. ಆದುದರಿಂದ ಇದನ್ನೇ ಈ ಸಲದ ಪಾಠವನ್ನಾಗಿ ಮಾಡಿಕೊಂಡಿದ್ದೇನೆ.

೧. ವ್ರತದ ಸ್ವರೂಪ

ಪರಿಗ್ರಹವೆಂದರೆ ಪೆಟ್ಟಿಗೆಯಲ್ಲಿರುವ ವಸ್ತುವಲ್ಲ, ಮನಸ್ಸಿನಲ್ಲಿರುವ ಮೂರ್ಛೆ ಎಂಬುದು ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರ ನಿರ್ಣಯ. ಮುನಿಗಳು ಅದನ್ನು ಸಂಪೂರ್ಣವಾಗಿ ತೊರೆಯುತ್ತಾರೆ. ಗೃಹಸ್ಥನಿಗೆ ಅದು ಶಕ್ಯವಲ್ಲವಾದುದರಿಂದ ಅವನು ಹೊಲ ಮನೆ, ಬೆಳ್ಳಿ ಬಂಗಾರ, ದನ ಧಾನ್ಯ, ಪಾತ್ರೆ ಬಟ್ಟೆ ಇವುಗಳಿಗೆ ಒಂದು ಮಿತಿಯನ್ನು ಹಾಕಿಕೊಂಡು, ಆ ಮಿತಿಯ ಆಚೆಗೆ ಆಸೆಯನ್ನು ಹರಿಯಬಿಡದೆ ಬದುಕತಕ್ಕದ್ದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರ ಸ್ವಾಮಿಗಳು ಇದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಹೇಳಿದ್ದಾರೆ. ಅಳತೆಗೋಲು ಇರಬೇಕಾದದ್ದು ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೆ.

ಈ ವ್ರತಕ್ಕೆ ಅವರು ಹೇಳಿರುವ ಅತಿಚಾರಗಳು ಐದು: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಉಳಿದ ನಾಲ್ಕು ಸುಲಭವಾಗಿ ಅರ್ಥವಾಗುತ್ತವೆ. ಎತ್ತನ್ನು ಮಿತಿಮೀರಿ ಓಡಿಸುವುದು, ಮಿತಿಮೀರಿ ಹೊರಿಸುವುದು, ಮಿತಿಮೀರಿ ಕೂಡಿಡುವುದು, ಮಿತಿಮೀರಿ ಬಯಸುವುದು ದೋಷವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ವಿಸ್ಮಯವೇಕೆ ದೋಷ? ಪರರ ವೈಭವವನ್ನೂ ಲಾಭವನ್ನೂ ಕಂಡು ಬೆರಗಾಗಿ, ಆ ಬೆರಗಿನಿಂದ ಮನಸ್ಸು ಕದಡಿ, ತನಗದು ಒದಗಲಿಲ್ಲವೆಂದು ವಿಷಾದಪಡುವುದೇ ಇಲ್ಲಿ ವಿಸ್ಮಯ. ಕೈ ಏನನ್ನೂ ಮುಟ್ಟಿಲ್ಲ, ಮನೆಗೆ ಏನೂ ಬಂದಿಲ್ಲ. ಆದರೂ ವ್ರತಕ್ಕೆ ಬಿರುಕು ಬಿದ್ದಿರುತ್ತದೆ.

೨. ನೋಡುವುದರಲ್ಲಿ ಮೂರು ಬಗೆ

ಮೊದಲನೆಯದು ಅಲಂಕಾರದ ವಸ್ತು. ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಪೂರ್ಣಗೊಳಿಸಿದರು. 1915ರಲ್ಲಿ ಅದು ಚಿತ್ರಶಾಲೆಯಾಯಿತು. ಅಲ್ಲಿ ರವಿವರ್ಮನ ಚಿತ್ರಗಳಿವೆ. ದೀಪ ಹಿಡಿದ ಸ್ತ್ರೀಯನ್ನು ಚಿತ್ರಿಸಿದ ಹಳದಣಕರರ ಜಲವರ್ಣವಿದೆ. ಗಂಟೆಗೊಮ್ಮೆ ಸಿಪಾಯಿ ಬೊಂಬೆಗಳು ಸಾಲಾಗಿ ನಡೆಯುವ ಫ್ರಾನ್ಸ್ ದೇಶದ ಗಡಿಯಾರವಿದೆ. ಇನ್ನೂ ವಿಸ್ತಾರವಾದದ್ದನ್ನು ನೋಡಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಹೋಗಬೇಕು. ಚೀನದ ಪಿಂಗಾಣಿ, ಯೂರೋಪಿನ ಅಮೃತಶಿಲೆಯ ಪ್ರತಿಮೆಗಳು, ಹಸಿರು ಜೇಡ್ ಕಲ್ಲಿನ ಕೆತ್ತನೆ, ನಮ್ಮ ಬೀದರಿನ ಬಿದರಿ ಪಾತ್ರೆಗಳು ಎಲ್ಲವೂ ಅಲ್ಲಿವೆ. ಅವುಗಳಲ್ಲಿ ಬಹುಭಾಗವನ್ನು ಕೂಡಿಸಿದವರು ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. ಅವರು 1949ರಲ್ಲಿ ತೀರಿಕೊಂಡರು, ಅವಿವಾಹಿತರಾಗಿದ್ದುದರಿಂದ ಮಕ್ಕಳಿರಲಿಲ್ಲ. 1951ರಲ್ಲಿ ಆ ಸಂಗ್ರಹವು ಜನರ ದರ್ಶನಕ್ಕೆ ತೆರೆಯಿತು. 1961ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಯಾಯಿತು. ಒಬ್ಬರು ಬದುಕೆಲ್ಲ ಕೂಡಿಸಿದ್ದು ಕೊನೆಗೆ ಎಲ್ಲರದೂ ಆಯಿತು, ಯಾರೊಬ್ಬರದೂ ಆಗಲಿಲ್ಲ. ಅತಿಸಂಗ್ರಹದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೇ? ಕೂಡಿಸಿದವರನ್ನು ಹಳಿಯುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ವಸ್ತುವಿನ ಒಡೆತನ ಎಷ್ಟು ದಿನದ್ದೆಂಬುದನ್ನು ನೆನೆಯುವುದಕ್ಕಾಗಿ ಹೇಳುತ್ತಿದ್ದೇನೆ.

ಎರಡನೆಯದು ಹಿಂಸೆಯಿಂದ ಹುಟ್ಟಿದ ವಸ್ತು. ದಂತದ ಪೆಟ್ಟಿಗೆ, ದಂತದ ಚದುರಂಗ, ದಂತದ ಬೊಂಬೆ ಇವು ಬಹುಮಟ್ಟಿಗೆ ಎಲ್ಲ ದೊಡ್ಡ ಸಂಗ್ರಹಾಲಯಗಳಲ್ಲಿಯೂ ಕಾಣುತ್ತವೆ. ಕೆತ್ತಿದ ಕೈಯ ಕೌಶಲವನ್ನು ಮೆಚ್ಚಬಹುದು. ಆದರೆ ಕೃತ, ಕಾರಿತ, ಅನುಮೋದನ ಎಂದು ಹಿಂಸೆಗೆ ಮೂರು ಬಾಗಿಲುಗಳಿವೆಯೆಂಬುದನ್ನು ಮರೆಯಬಾರದು. "ಇಂಥದೊಂದು ನಮ್ಮ ಮನೆಯಲ್ಲಿಯೂ ಇದ್ದಿದ್ದರೆ" ಎಂದ ಕ್ಷಣವೇ ಮೂರನೆಯ ಬಾಗಿಲು ತೆರೆಯಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 1986ರಲ್ಲಿ ಮಾಡಿದ ತಿದ್ದುಪಡಿಯಿಂದ ನಮ್ಮ ದೇಶದ ಆನೆಗಳ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಹೊರದೇಶದ ದಂತದ ವ್ಯಾಪಾರವೂ ನಿಂತಿತು. ಮೈಸೂರಿನ ಬೀಟೆಮರದ ಕುಸುರಿ ಕೆಲಸಗಾರರು ದಂತವನ್ನು ಬಿಟ್ಟು ಬೇರೆ ಸಾಮಗ್ರಿಯಿಂದಲೇ ಆ ಕಲೆಯನ್ನು ಉಳಿಸಿಕೊಂಡಿದ್ದಾರೆ. ಜೀವವನ್ನು ನೋಯಿಸದೆಯೂ ಸೌಂದರ್ಯ ಉಳಿಯುತ್ತದೆಂಬುದಕ್ಕೆ ಇದು ಸಾಕ್ಷಿ. ನಮ್ಮ ಮುನಿಗಳ ಪಿಂಛಿಯನ್ನು ನೆನೆಯಿರಿ. ನವಿಲು ತಾನಾಗಿಯೇ ಉದುರಿಸಿದ ಗರಿಗಳಿಂದ ಮಾಡಿದ ಅದು ಚೆಲುವಾಗಿಯೂ ಇದೆ, ಜೀವರಕ್ಷಣೆಯ ಉಪಕರಣವೂ ಆಗಿದೆ.

ಮೂರನೆಯದು ಪವಿತ್ರ ವಸ್ತು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಶ್ರವಣಬೆಳಗೊಳದಿಂದ ಹೋದ ಬಾಹುಬಲಿಯ ಕಂಚಿನ ಮೂರ್ತಿಯೊಂದಿದೆ. ಅದು ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ ಗೊಮ್ಮಟನಿಗಿಂತಲೂ ಹಳೆಯದೆಂದು ವಿದ್ವಾಂಸರು ಎಣಿಸುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ಅದಕ್ಕೂ ಹಿಂದಿನ, ಬಾದಾಮಿ ಚಾಲುಕ್ಯರ ಕಾಲದ, ಬಳ್ಳಿ ಸುತ್ತಿದ ಒಂದು ಪುಟ್ಟ ಬಾಹುಬಲಿ ಇದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಕಲಬುರ್ಗಿಯ ಕಡೆಯ ಪಾರ್ಶ್ವನಾಥನ ಶಿಲಾಬಿಂಬವಿದೆ. ಒಂದು ಕಾಲದಲ್ಲಿ ಇಂಥ ಬಿಂಬಗಳ ಮುಂದೆ ನಮ್ಮಂಥ ಶ್ರಾವಕರು ಅಕ್ಷತೆ ಇಟ್ಟು ಕೈಮುಗಿದಿದ್ದರು. ಈಗ ಅಲ್ಲಿ ದೀಪವಿಲ್ಲ, ಅಭಿಷೇಕವಿಲ್ಲ. ಒಂದು ಚೀಟಿ ಮಾತ್ರ ಇದೆ.

ಅಲ್ಲಿ ಕೈಮುಗಿಯಬಹುದೇ ಎಂಬ ಸಂದೇಹಕ್ಕೆ ನನ್ನ ಉತ್ತರವಿದು. ನಾವು ಪೂಜಿಸುವುದು ಲೋಹವನ್ನಲ್ಲ, ಶಿಲೆಯನ್ನಲ್ಲ. ಸ್ಥಾಪನಾ ನಿಕ್ಷೇಪದಿಂದ ಅದರಲ್ಲಿ ಸ್ಮರಿಸಿಕೊಂಡ ವೀತರಾಗನ ಗುಣಗಳನ್ನು. ಗಾಜು ಆ ಸ್ಮರಣೆಯನ್ನು ತಡೆಯಲಾರದು. ಸಂಗ್ರಹಾಲಯದ ನಿಯಮಕ್ಕೆ ಒಳಪಟ್ಟು, ಫಲ ಪುಷ್ಪಗಳ ಗೊಡವೆಗೆ ಹೋಗದೆ, ನಿಂತಲ್ಲಿಯೇ ಪಂಚನಮಸ್ಕಾರವನ್ನು ಮನಸ್ಸಿನಲ್ಲಿ ಜಪಿಸಿ ತಲೆಬಾಗಿದರೆ ಸಾಕು. ಬಸದಿಯಲ್ಲಿ ಮಾಡುವ ವಿಧಿಗಳನ್ನು ಅಲ್ಲಿ ಮಾಡಬೇಕಾಗಿಲ್ಲ. ಪಕ್ಕದ ಕೋಣೆಯಲ್ಲಿ ಬೇರೆ ಮತದವರ ಪೂಜ್ಯ ವಸ್ತುಗಳಿದ್ದರೆ, ಅವೂ ಯಾರದೋ ಕಣ್ಣೀರನ್ನು ಒರೆಸಿದ ವಸ್ತುಗಳೆಂದು ತಿಳಿದು ಮಾಧ್ಯಸ್ಥ್ಯ ಭಾವದಿಂದ ನಡೆದುಕೊಳ್ಳತಕ್ಕದ್ದು. ನಗೆ, ಹಾಸ್ಯ, ಹೀಯಾಳಿಕೆ ಸಲ್ಲದು.

೩. ನನ್ನ ಮನೆಯಲ್ಲಿ ನಡೆದದ್ದು

ಬೋಧಿಸುವವನು ತನ್ನ ಲೆಕ್ಕವನ್ನು ಮುಚ್ಚಿಡಬಾರದು. ನಮ್ಮ ತಂದೆಯ ಕಾಲದಿಂದ ಮನೆಯಲ್ಲಿ ಗೇಣುದ್ದದ ಒಂದು ಪಾರ್ಶ್ವನಾಥನ ಲೋಹಬಿಂಬವಿತ್ತು. ಹೆಡೆಯ ಒಂದು ತುದಿ ಮುರಿದಿದ್ದುದರಿಂದ ಹಿರಿಯರು ಅದನ್ನು ಪೂಜೆಯಿಂದ ತೆಗೆದು ರೇಷ್ಮೆಯಿಲ್ಲದ ಬಿಳಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದರು. ಕೆಲವು ವರ್ಷಗಳ ಹಿಂದೆ ಹಳೆಯ ವಸ್ತುಗಳನ್ನು ಕೊಳ್ಳುವವನೊಬ್ಬನು ಮಾಸ್ತಿಗೆ ಬಂದವನು ನಮ್ಮ ಮನೆಗೂ ಬಂದನು. ಬಿಂಬವನ್ನು ನೋಡಿ ಒಂದು ಮೊತ್ತವನ್ನು ಹೇಳಿದನು. ಆಗ ಮೊಮ್ಮಗಳನ್ನು ಕಾಲೇಜಿಗೆ ಸೇರಿಸುವ ಹೊತ್ತು. ಆ ಮೊತ್ತ ಅವಳ ಎರಡು ವರ್ಷದ ಖರ್ಚಿಗೆ ಸಾಲುತ್ತಿತ್ತು. "ಹೇಗೂ ಪೂಜೆಯಲ್ಲಿಲ್ಲವಲ್ಲ" ಎಂದು ಮಗನೂ ಹೇಳಿದನು. ನಾನು ಒಂದು ದಿನದ ಅವಕಾಶ ಕೇಳಿದೆನು.

ಅಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರ್ತಿಯನ್ನು ಮಾರಬಾರದೆಂಬ ಧರ್ಮಚಿಂತೆಯಿಂದ ನಿದ್ದೆಗೆಟ್ಟೆನೆಂದು ಹೇಳಿಕೊಂಡರೆ ಅದು ಸುಳ್ಳಾಗುತ್ತದೆ. ಈತನು ಇದನ್ನು ಹೊರದೇಶದಲ್ಲಿ ಇದರ ಹತ್ತು ಪಾಲಿಗೆ ಮಾರಬಹುದಲ್ಲ, ನನಗೆ ಕಡಿಮೆ ಹೇಳಿದನಲ್ಲ ಎಂಬ ಲೆಕ್ಕವೇ ನನ್ನನ್ನು ಎಚ್ಚರದಲ್ಲಿಟ್ಟಿತ್ತು. ಬೆಳಗಿನ ಜಾವದಲ್ಲಿ ಸಾಮಾಯಿಕಕ್ಕೆ ಕುಳಿತಾಗ ಸಮಂತಭದ್ರರ ಆ ಐದು ಹೆಸರುಗಳು ನೆನಪಾದವು. ಇಪ್ಪತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ "ವಿಸ್ಮಯ"ವೆಂಬ ಶಬ್ದದ ಅರ್ಥ ನನಗೆ ತಿಳಿದದ್ದು ಅಂದು. ಪರರ ಲಾಭವನ್ನು ಎಣಿಸಿ ವಿಷಾದಪಡುತ್ತಿದ್ದವನು ನಾನೇ ಆಗಿದ್ದೆನು.

ಅನಂತರ ವಿಚಾರಿಸಿದಾಗ ಶಾಸನದ ಸಂಗತಿಯೂ ತಿಳಿಯಿತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಶಾಸನವು 1976ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಮೂರ್ತಿಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗಳಿಗಾದರೆ ಎಪ್ಪತ್ತೈದು ವರ್ಷ. ಇಂಥ ಶಿಲೆ ಲೋಹಗಳ ಮೂರ್ತಿಗಳನ್ನು ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ಕೈ ಬದಲಾದರೆ ಅದನ್ನೂ ತಿಳಿಸಬೇಕು. ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಬಂದವನಲ್ಲಿ ಲೈಸೆನ್ಸ್ ಕೇಳಿದೆವು. ಅವನು ಮತ್ತೆ ಬರಲಿಲ್ಲ. ನಾವು ಬಿಂಬವನ್ನು ನೋಂದಾಯಿಸಿ, ಮಗನ ಒಪ್ಪಿಗೆಯಿಂದ ಒಂದು ಬಸದಿಯ ರಕ್ಷಣೆಗೆ ಒಪ್ಪಿಸಿ, ಆ ಸಂಗತಿಯನ್ನೂ ಬರೆದು ತಿಳಿಸಿದೆವು. ಮೊಮ್ಮಗಳ ಓದಿಗೆ ಸಾಲ ಮಾಡಿದೆವು. ಅದು ತೀರುವುದಕ್ಕೆ ಕಾಲ ಹಿಡಿಯಿತು. ತ್ಯಾಗ ಮಾಡಿದವನಿಗೆ ಕಷ್ಟವೇ ಬರುವುದಿಲ್ಲವೆಂದು ನಾನು ಹೇಳಲಾರೆ. ಸಾಲದ ಕಂತು ಕಟ್ಟಿದ ರಾತ್ರಿಗಳಲ್ಲಿ ನಿದ್ದೆ ಬಂದಿತೆಂದು ಮಾತ್ರ ಹೇಳಬಲ್ಲೆ.

೪. ಆಚರಣೆಗೆ ಕೆಲವು ಸೂಚನೆಗಳು

(ಅ) ಉಪವಾಸದ ದಿನ ಆರಂಭ, ಅಲಂಕಾರಗಳನ್ನು ಬಿಟ್ಟು ಧರ್ಮಶ್ರವಣದಲ್ಲಿ ತೊಡಗಬೇಕೆಂಬುದು ವಿಧಿ. ವಿನೋದದ ಪ್ರವಾಸವನ್ನು ಅಷ್ಟಮಿ ಚತುರ್ದಶಿಗಳಿಗೆ ಇಟ್ಟುಕೊಳ್ಳದಿರುವುದೇ ಲೇಸು. ಅನಿವಾರ್ಯವಾಗಿ ಹೋಗಿದ್ದರೆ ಆಹಾರತ್ಯಾಗಕ್ಕೆ ಭಂಗವಿಲ್ಲ. ಆದರೆ ವ್ರತದಲ್ಲಿ ಅನಾದರ ಉಂಟಾಯಿತೇ ಎಂದು ಸಂಜೆ ಪ್ರತಿಕ್ರಮಣದಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು. ನನ್ನನ್ನು ಕೇಳಿದ ಸೋದರಿ ಆ ಪರೀಕ್ಷೆಯನ್ನು ಆಗಲೇ ಮಾಡಿಕೊಂಡಿದ್ದರು. ಅವರ ಪ್ರಶ್ನೆಯೇ ಅದಕ್ಕೆ ಗುರುತು.

(ಆ) ಮಕ್ಕಳನ್ನು ಸಂಗ್ರಹಾಲಯಕ್ಕೆ ಅವಶ್ಯ ಕರೆದೊಯ್ಯಿರಿ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಸ್ಥಾಪಿತವಾದದ್ದು. ಮಾಸ್ತಿ, ಮಾಲೂರಿನ ಕಡೆಯವರಿಗೆ ಹತ್ತಿರ. ಅಲ್ಲಿರುವ ಆತಕೂರಿನ ಶಾಸನವನ್ನು ತೋರಿಸಿರಿ. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿಯೆಂಬ ನಾಯಿಯ ನೆನಪನ್ನು ಕಾಪಾಡಿದ್ದಾರೆ. ಕುವಳಾಲಪುರವೆಂಬ ನಮ್ಮ ಕೋಲಾರದ ಹೆಸರನ್ನು ಬಿರುದಾಗಿ ಹೊತ್ತ ಗಂಗರ ಕಾಲದ್ದು ಅದು. ಬೇಟೆಯನ್ನು ನಾವು ಒಪ್ಪುವುದಿಲ್ಲ. ಮೂಕಪ್ರಾಣಿಯ ಋಣವನ್ನು ಮರೆಯದ ಮನಸ್ಸನ್ನು ಒಪ್ಪುತ್ತೇವೆ. ಹೀಗೆ ಗುಣದೋಷಗಳನ್ನು ಬಿಡಿಸಿ ಹೇಳಿರಿ.

(ಇ) ವಸ್ತುವಿನ ಮುಂದೆ ನಿಂತಾಗ "ಇದರ ಬೆಲೆ ಎಷ್ಟು?" ಎಂಬ ಪ್ರಶ್ನೆಯನ್ನು ಬಿಟ್ಟು, "ಇದನ್ನು ಮಾಡಿದವರು ಯಾರು, ಯಾವುದರಿಂದ ಮಾಡಿದರು, ಯಾರಿಗಾಗಿ ಮಾಡಿದರು?" ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸಿರಿ.

(ಈ) ಮನೆಯಲ್ಲಿರುವ ಹಳೆಯ ಬಿಂಬ, ತಾಳೆಯೋಲೆ, ಚಿತ್ರಿತ ಹಸ್ತಪ್ರತಿಗಳ ಪಟ್ಟಿ ಮಾಡಿ, ಭಾವಚಿತ್ರ ತೆಗೆಸಿ, ನೋಂದಣಿ ಬೇಕಾದವನ್ನು ನೋಂದಾಯಿಸಿರಿ. 2013ರ ಜುಲೈನಲ್ಲಿ ಮೂಡಬಿದಿರೆಯ ಗುರುಬಸದಿಯಿಂದಲೇ ಅಮೂಲ್ಯ ಬಿಂಬಗಳು ಕಳವಾದುವೆಂಬುದನ್ನು ಮರೆಯಬೇಡಿರಿ.

ಭೃಂಗಾರ, ಕಲಶ, ದರ್ಪಣ, ಛತ್ರ ಮುಂತಾದವು ಅರಮನೆಯಲ್ಲಿದ್ದರೆ ಐಶ್ವರ್ಯ. ಜಿನನ ಸನ್ನಿಧಿಯಲ್ಲಿದ್ದರೆ ಅಷ್ಟಮಂಗಲ. ವಸ್ತು ಒಂದೇ, ಭಾವ ಬೇರೆ. ಆ ಭಾವವನ್ನು ಕಾಯುವುದೇ ಈ ವ್ರತ.

ಮನೆಯವರು ಕೂಡಿ ಚರ್ಚಿಸತಕ್ಕ ಪ್ರಶ್ನೆಗಳು:
1. ವಿಸ್ಮಯಕ್ಕೂ ಲೋಭಕ್ಕೂ ಇರುವ ಭೇದವೇನು?
2. ದಂತದ ಕೆತ್ತನೆಯನ್ನು ಮೆಚ್ಚುವಾಗ ಅನುಮೋದನ ದೋಷವನ್ನು ತಪ್ಪಿಸಿಕೊಳ್ಳುವುದು ಹೇಗೆ?
3. ಪೂಜೆಯಲ್ಲಿಲ್ಲದ ಬಿಂಬ ನಮ್ಮ ಪರಿಗ್ರಹವೇ, ಅಥವಾ ನಮ್ಮಲ್ಲಿರುವ ನ್ಯಾಸವೇ?
4. ಈ ತಿಂಗಳು ನಿಮ್ಮ ನಿದ್ದೆಗೆಡಿಸಿದ ಪರರ ಲಾಭ ಯಾವುದು?