ಡಬ್ಬಿಯ ಮೇಲಿನ ವ್ಯಾಟ್, ಒಳಗಿನ ಆಂಪಿಯರ್

ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟಿನ ಎಸಿ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳ ಡಿಸಿಗೆ ಮಾರ್ಪಡಿಸಿ ಕಂಪ್ಯೂಟರಿನ ಭಾಗಗಳಿಗೆ ಹಂಚುವ ಪೆಟ್ಟಿಗೆಗೆ ಕೊಲ್ಹಾಪುರ ಭಾಗದ ಅಂಗಡಿಗಳಲ್ಲಿ ಕನ್ನಡದವರೂ ಮರಾಠಿಯವರೂ ಎಸ್‌ಎಂಪಿಎಸ್ ಎಂದೇ ಹೇಳುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಹೊರಟವರು ಎಸ್‌ಎಂಪಿಎಸ್ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಅಂಕಿಯನ್ನು ನೋಡಿ ಸಮಾಧಾನಪಡುವುದೇ ಹೆಚ್ಚು. ಆದರೆ ಆ ಅಂಕಿ ಈ ಬೇರೆಬೇರೆ ವೋಲ್ಟುಗಳ ಎಲ್ಲ ಸಾಲುಗಳ ಒಟ್ಟು ಮೊತ್ತವಾಗಿದ್ದು, ಕಾರ್ಡೂ ಪ್ರೊಸೆಸರೂ ಬಹುಮಟ್ಟಿಗೆ 12 ವೋಲ್ಟಿನ ಸಾಲೊಂದನ್ನೇ ಅವಲಂಬಿಸುವುದರಿಂದ, ಪರೀಕ್ಷಿಸಬೇಕಾದದ್ದು ಆ ಸಾಲಿನ ಆಂಪಿಯರ್, ಅಂದರೆ ಅದು ಹರಿಸಬಲ್ಲ ಪ್ರವಾಹದ ಪ್ರಮಾಣ. ಈ ಲೇಖಕನಿಗೆ ಇದು ಮನದಟ್ಟಾಗಲು ಮೂರು ಊರು ಸುತ್ತಬೇಕಾಯಿತು.

ವಿದ್ಯುತ್ ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಬಟ್ಟೆಯ ವಿನ್ಯಾಸಕ್ಕೆಂದು ಬಳಕೆಯಲ್ಲಿದ್ದ ಲೇಖಕನ ಯಂತ್ರದಲ್ಲಿ ಮೊದಲು ಜಿಟಿಎಕ್ಸ್ 1050 ಟಿಐ ಕಾರ್ಡ್ ಇತ್ತು. ಅದರ ಬಳಕೆ 75 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಕೊಡಬಲ್ಲ ಗರಿಷ್ಠ ಮಿತಿಯೂ ಅಷ್ಟೇ ಆದ್ದರಿಂದ ಬೇರೆ ವೈರ್ ಬೇಕಿರಲಿಲ್ಲ. ಅದರ ಜಾಗಕ್ಕೆ ಬಂದ ಆರ್‌ಟಿಎಕ್ಸ್ 3060, 2021ರಲ್ಲಿ ಮಾರುಕಟ್ಟೆಗೆ ಬಂದ 170 ವ್ಯಾಟಿನ ಕಾರ್ಡ್. ತಯಾರಕರು ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಸೂಚಿಸಿದ್ದರೂ, ಅದು ಅತಿಜಾಗ್ರತೆಯ ಮಾತೆಂದು ಬಗೆದು 450 ವ್ಯಾಟಿನ ಹಳೆಯದನ್ನೇ ಉಳಿಸಿಕೊಳ್ಳಲಾಯಿತು. ಕಾರ್ಡಿಗೆ ಬೇಕಾದ 8 ಪಿನ್ನಿನ ವೈರ್ ಅದರಲ್ಲಿ ಇರಲೇ ಇಲ್ಲ. ಹಾರ್ಡ್‌ಡಿಸ್ಕಿನ 4 ಪಿನ್ ವೈರಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ಕೆಲಸ ಸಾಗಿಸಲಾಯಿತು. ವೈರಿನ ಈ ಕೊರತೆಯೇ ಮೊದಲ ಎಚ್ಚರಿಕೆಯಾಗಬೇಕಿತ್ತು: 8 ಪಿನ್ನಿನ ಜೋಡಣೆಗೆ ನಿಗದಿಯಾದ 150 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 12.5 ಆಂಪಿಯರ್, ಡಿಸ್ಕಿಗೆಂದು ಎಳೆದ ವೈರ್ ಹೊರಬೇಕಾದ ಹೊರೆ ಅದಲ್ಲ.

ಸಾಮಾನ್ಯ ಕೆಲಸದಲ್ಲಿ ಏನೂ ತೊಂದರೆ ಕಾಣಲಿಲ್ಲ. ಆದರೆ ಸೀರೆಯ ನೆರಿಗೆಯನ್ನು ಮೂರು ಆಯಾಮದಲ್ಲಿ ಚಿತ್ರಿಸುವಾಗ ಯಂತ್ರ ಏಕಾಏಕಿ ಬಂದ್ ಆಗುತ್ತಿತ್ತು. ಆ ಊರಿನಲ್ಲಿ ಇಂಥದಕ್ಕೆಲ್ಲ ಮೊದಲು ಬೈಸಿಕೊಳ್ಳುವುದು ಲೈನು, ಮತ್ತು ಆ ಸಂಶಯ ನಿರಾಧಾರವೂ ಅಲ್ಲ. ಮಗ್ಗದ ಮೋಟಾರು ಶುರುವಾಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಹಲವು ಪಟ್ಟು ಎಳೆಯುವುದರಿಂದ ಅದೇ ಲೈನಿನ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ, ಒಳ್ಳೆಯ ಎಸ್‌ಎಂಪಿಎಸ್ ಕೂಡ ವಿದ್ಯುತ್ ಪೂರ್ತಿ ನಿಂತರೆ ತನ್ನ ಕೆಪಾಸಿಟರಿನ ಬಲದಿಂದ ತಾಳುವುದು ಸುಮಾರು 17 ಮಿಲಿಸೆಕೆಂಡ್ ಮಾತ್ರ. ಆದ್ದರಿಂದ 600 ವಿಎ, ಅಂದರೆ 360 ವ್ಯಾಟಿನ ಯುಪಿಎಸ್ ಕೊಳ್ಳಲಾಯಿತು. ಫ್ಯಾನಿನಲ್ಲಿ ಗಟ್ಟಿಯಾಗಿ ಕೂತಿದ್ದ ಹತ್ತಿಯ ಧೂಳನ್ನೂ ತೆಗೆಯಲಾಯಿತು. ಯಂತ್ರ ಬಂದ್ ಆಗುವುದು ನಿಲ್ಲಲಿಲ್ಲ.

ಅದೇ ಯಂತ್ರವನ್ನು ಗಡಹಿಂಗ್ಲಜದ ಬಂಧುಗಳ ಮನೆಗೆ, ಮಗ್ಗದ ಸದ್ದೇ ಇಲ್ಲದ ಓಣಿಗೆ ಒಯ್ದು ಅದೇ ಚಿತ್ರವನ್ನು ತೆರೆದಾಗ ಅದು ಅದೇ ಹಂತದಲ್ಲಿ ನಿಂತುಹೋದದ್ದರಿಂದ ಲೈನಿನ ಮೇಲಿನ ಆರೋಪ ಬಿದ್ದುಹೋಯಿತು. ದುಡ್ಡು ಖರ್ಚಾಗದ ಈ ಪರೀಕ್ಷೆ ಯುಪಿಎಸ್ ಕೊಳ್ಳುವ ಮೊದಲೇ ನಡೆಯಬೇಕಿತ್ತು.

ಕೊನೆಗೆ ಕೊಲ್ಹಾಪುರದ ರಿಪೇರಿಯವರೊಬ್ಬರು ಎಸ್‌ಎಂಪಿಎಸ್ ಬಿಚ್ಚಿ, ಮಗ್ಗುಲಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಪಟ್ಟಿಯನ್ನು ತೋರಿಸಿದರು: 12 ವೋಲ್ಟ್, 18 ಆಂಪಿಯರ್. ಎರಡನ್ನೂ ಗುಣಿಸಿದರೆ ಸಿಗುವುದು 216 ವ್ಯಾಟ್. ಕಾರ್ಡಿನ 170ಕ್ಕೆ ಪ್ರೊಸೆಸರಿನ 65 ಕೂಡಿದರೆ 235. ಡಿಸ್ಕು, ಫ್ಯಾನುಗಳ ಲೆಕ್ಕ ಇನ್ನೂ ಬಾಕಿ. ಅಲ್ಲದೆ ಕಾರ್ಡುಗಳು ಕ್ಷಣದ ಸಣ್ಣ ಪಾಲಿನಷ್ಟು ಹೊತ್ತು ತಮ್ಮ ಹೇಳಿಕೆಯ ಮಿತಿಯನ್ನು ಮೀರಿಯೂ ಎಳೆಯುತ್ತವೆ. ಇಂಥ ಜಿಗಿತಗಳನ್ನು ತಾಳಿಕೊಳ್ಳುವ ನಿಯಮವನ್ನು 2022ರ ಎಟಿಎಕ್ಸ್ 3.0 ಮಾನದಂಡ ಸೇರಿಸಿತು. 12 ವೋಲ್ಟಿನಲ್ಲಿ 45 ಆಂಪಿಯರ್ ಕೊಡುವ, ತನ್ನದೇ 8 ಪಿನ್ ವೈರ್ ಇರುವ 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿದ ದಿನದಿಂದ ಯಂತ್ರ ನಿಂತಿಲ್ಲ. ಅದರ ಮೇಲಿನ 80 ಪ್ಲಸ್ ಮುದ್ರೆಯನ್ನು ಅನೇಕರು ಶಕ್ತಿಯ ಗುರುತೆಂದು ತಿಳಿಯುತ್ತಾರೆ. ಅದು ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಶಾಖವಾಗಿ ಪೋಲಾಗದೆ ಒಳಗೆ ತಲುಪುತ್ತದೆ ಎಂಬುದನ್ನು ಮಾತ್ರ.

ಹಳೆಯ ಎಸ್‌ಎಂಪಿಎಸ್ ಕೆಟ್ಟಿರಲಿಲ್ಲ. ಗಡಹಿಂಗ್ಲಜದ ಅದೇ ಮನೆಯಲ್ಲಿ ಅದೀಗ ಹಳೆಯ 75 ವ್ಯಾಟಿನ ಕಾರ್ಡನ್ನು ನಡೆಸುತ್ತಿದೆ. ಅದರ ಚೀಟಿಯ ಮೇಲೆ ಯಾರೋ 216 ಎಂದು ಮಾರ್ಕರಿನಲ್ಲಿ ಬರೆದಿದ್ದಾರೆ.